ತುಂಗೆಯ ಜೊತೆಗೆ ಎರಡು ದಿನ

ಮಳೆ ಹಿಂದೆ ಸರಿದು ಚಳಿ ಇನ್ನೂ ಕಾಲಿಡದ ಕಾರ್ತಿಕದಲ್ಲಿ ಎರಡು ದಿನ ಬಿಡುವಿದ್ದರೆ ಶೃಂಗೇರಿಯಿಂದ ಕೂಡಲಿಯವರೆಗೆ ತುಂಗೆಯ ಜೊತೆ ಹೋಗಿಬನ್ನಿ. ಶೃಂಗೇರಿಯಲ್ಲಿ ನವರಾತ್ರಿಯ ಜಂಗುಳಿ ಆಗ ಕರಗಿರುತ್ತದೆ. ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿ ಕಂಬಗಳನ್ನು ಸಾವಕಾಶವಾಗಿ ಸುತ್ತಿ ನೋಡಬಹುದು.

ಹರಿಹರಪುರ, ಕೊಪ್ಪ ದಾಟಿ ತೀರ್ಥಹಳ್ಳಿ ಸೇರಿ, ರಾತ್ರಿ ಅಲ್ಲೇ ತಂಗಿ. ಸಂಜೆ ಬೆಳಕಿರುವಾಗಲೇ ಕುಪ್ಪಳಿಯ ಕವಿಶೈಲ ಹತ್ತಿ. ಕುವೆಂಪು ಸಮಾಧಿ ಅಲ್ಲೇ ಇದೆ. ಕವಿಮನೆ ನೋಡಲು ಅರ್ಧ ಗಂಟೆ ಸಾಲದು. ಆಗುಂಬೆಯನ್ನೂ ಇದಕ್ಕೇ ತುರುಕುವ ಆಸೆ ಬೇಡ, ಅದು ಬೇರೆಯದೇ ಪ್ರವಾಸ.

ಮರುದಿನ ಬೇಗ ಏಳಿ. ಸಕ್ರೆಬೈಲಿನ ಬಿಡಾರದ ಆನೆಗಳ ಸ್ನಾನ ನೋಡಲು ಸಿಗುವುದು ಬೆಳಿಗ್ಗೆ ಮಾತ್ರ. ದಾರಿಯಲ್ಲೇ ಮಂಡಗದ್ದೆ. ನದಿ ನಡುವಿನ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಮರಿಗಳು ಬಲಿತರೆ ಹಾರಿಹೋಗುತ್ತವೆ, ಹಾಗಾಗಿ ತಡಮಾಡಿದಷ್ಟೂ ಹಕ್ಕಿ ಕಡಿಮೆ. ಶಿವಮೊಗ್ಗದಲ್ಲಿ ಊಟ ಮುಗಿಸಿ (ಅಕ್ಕಿರೊಟ್ಟಿ ಸಿಕ್ಕರೆ ಬಿಡಬೇಡಿ) ಕೂಡಲಿಗೆ ಹೊರಡಿ. ತುಂಗೆ ಭದ್ರೆಯನ್ನು ಸೇರಿ ತುಂಗಭದ್ರೆಯಾಗುವುದು ಅಲ್ಲಿ.

ಒಂದು ಮಾತು: ನೀರು ಎಷ್ಟೇ ಶಾಂತವಾಗಿ ಕಂಡರೂ ಬಂಡೆಗಳ ಮೇಲೆ ಮಳೆಗಾಲದ ಪಾಚಿ ಇನ್ನೂ ಇರುತ್ತದೆ, ಸುಳಿಯೂ ಇರುತ್ತದೆ. ಊರಿನವರನ್ನು ಕೇಳದೆ ನದಿಗಿಳಿಯಬೇಡಿ, ಮಕ್ಕಳ ಕೈ ಬಿಡಬೇಡಿ.