ಕಚೇರಿ ಫೋನಿನ ಪದಗಳು: ಒಂದು ಪಾಠ



ಕಚೇರಿ, ಆಸ್ಪತ್ರೆ, ಹೋಟೆಲ್, ಶಾಲೆ ಹೀಗೆ ಅಮೆರಿಕದಲ್ಲಿ ನಾವು ಹೋಗುವ ಅನೇಕ ಕಡೆ ಮೇಜಿನ ಮೇಲೊಂದು ಫೋನ್ ಇರುತ್ತದೆ. ನೋಡಲು ಮನೆಯ ಫೋನಿನಂತೆಯೇ ಇದ್ದರೂ ಅದು ಕೆಲಸ ಮಾಡುವ ರೀತಿ ಬೇರೆ. ಅದಕ್ಕೆ ಸಂಬಂಧಿಸಿದ ಕೆಲವು ಪದಗಳನ್ನು ಈ ಪಾಠದಲ್ಲಿ ತಿಳಿಯೋಣ. ಇವುಗಳ ಅರ್ಥ ತಿಳಿದಿರುವುದು ಆಪತ್ಕಾಲದಲ್ಲಿಯೂ ಉಪಯೋಗಕ್ಕೆ ಬರುತ್ತದೆ.

1. ಪಿಬಿಎಕ್ಸ್: ಒಂದು ಸಂಸ್ಥೆಯ ಒಳಗಿನ ಸ್ವಂತ ದೂರವಾಣಿ ವಿನಿಮಯ ಕೇಂದ್ರ. ಯಾವ ಕರೆ ಯಾವ ಮೇಜಿಗೆ ಹೋಗಬೇಕೆಂದು ಇದು ನಿರ್ಧರಿಸುತ್ತದೆ.

2. ಎಕ್ಸ್‌ಟೆನ್ಷನ್: ಪ್ರತಿ ಮೇಜಿನ ಫೋನಿಗೆ ಕೊಟ್ಟ ಮೂರು ನಾಲ್ಕು ಅಂಕಿಗಳ ಒಳಸಂಖ್ಯೆ. ಒಳಗಿನವರು ಪರಸ್ಪರ ಮಾತಾಡಲು ಇಷ್ಟೇ ಸಾಕು.

3. ಟ್ರಂಕ್: ಪಿಬಿಎಕ್ಸ್‌ನಿಂದ ಹೊರಜಗತ್ತಿಗೆ ಹೋಗುವ ಮುಖ್ಯ ಮಾರ್ಗ. ಮರಕ್ಕೆ ಕೊಂಬೆಗಳು ಹಲವು, ಕಾಂಡ ಒಂದೇ ಅಲ್ಲವೇ? ಹಾಗೆಯೇ ನಲವತ್ತು ಮೇಜುಗಳಿದ್ದರೂ ನಲವತ್ತು ಹೊರಲೈನುಗಳು ಬೇಕಿಲ್ಲ, ಏಕೆಂದರೆ ಎಲ್ಲರೂ ಒಟ್ಟಿಗೆ ಹೊರಗೆ ಮಾತಾಡುವುದಿಲ್ಲ. ಊರಿನಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ದಿನಗಳನ್ನು ಅಜ್ಜ ಅಜ್ಜಿಯರನ್ನು ಕೇಳಿನೋಡಿ. ಅದೂ ಇದೇ ಪದ.

4. ವಾಯ್ಸ್ ಓವರ್ ಐಪಿ: ಮಾತನ್ನು ಇಂಟರ್‌ನೆಟ್ ಮೂಲಕ ಕಳಿಸುವ ವಿಧಾನ. ದನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಮಾಡಿ, ಒಂದೊಂದನ್ನೂ ವಿಳಾಸ ಬರೆದ ಲಕೋಟೆಯಂತೆ ರವಾನಿಸಲಾಗುತ್ತದೆ. ಅಂದರೆ ಸೆಕೆಂಡಿಗೆ 50 ಲಕೋಟೆಗಳು! ಈ ಲಕೋಟೆಯೇ ಪ್ಯಾಕೆಟ್.

5. ಲೇಟೆನ್ಸಿ, ಜಿಟರ್: ಪ್ಯಾಕೆಟ್ ತಲುಪಲು ಆಗುವ ವಿಳಂಬ ಲೇಟೆನ್ಸಿ. ಇದು 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆ ಸರಾಗ. ಬಹಳ ಹೆಚ್ಚಾದರೆ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ನಿಲ್ಲಿಸುತ್ತಾರೆ. ಪ್ಯಾಕೆಟ್‌ಗಳು ಒಂದು ಬೇಗ, ಒಂದು ತಡವಾಗಿ ಬರುವುದು ಜಿಟರ್. ಆಗ ದನಿ ತುಂಡುತುಂಡಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಅನೇಕ ಕಚೇರಿ, ಹೋಟೆಲುಗಳಲ್ಲಿ ಹೊರಲೈನು ಸಿಗಲು ಮೊದಲು 9 ಒತ್ತಬೇಕು. "ನನಗೆ ಟ್ರಂಕ್ ಬೇಕು" ಎಂದು ಪಿಬಿಎಕ್ಸ್‌ಗೆ ತಿಳಿಸುವ ಸಂಕೇತ ಅದು. 2013ರ ಡಿಸೆಂಬರ್‌ನಲ್ಲಿ ಟೆಕ್ಸಸ್‌ನ ಮಾರ್ಷಲ್ ಎಂಬ ಊರಿನ ಹೋಟೆಲೊಂದರಲ್ಲಿ ಕ್ಯಾರಿ ಹಂಟ್ ಎಂಬ ತಾಯಿಯ ಮೇಲೆ ಹಲ್ಲೆ ನಡೆಯಿತು. ಅವರ ಒಂಬತ್ತು ವರ್ಷದ ಮಗಳು ನಾಲ್ಕು ಸಲ 911 ಒತ್ತಿದಳು. ಮೊದಲು ಇನ್ನೊಂದು 9 ಬೇಕೆಂದು ಆ ಮಗುವಿಗೆ ತಿಳಿದಿರಲಿಲ್ಲ. ಒಂದು ಕರೆಯೂ ಹೋಗಲಿಲ್ಲ, ತಾಯಿ ಉಳಿಯಲಿಲ್ಲ.

ಮಗು ಕಲಿತದ್ದು ಸರಿಯಾಗಿಯೇ ಇತ್ತು. ಬದಲಾಗಬೇಕಾದದ್ದು ಯಂತ್ರ. ಆಕೆಯ ತಾತ ದೇಶಕ್ಕೆಲ್ಲ ಈ ಮಾತು ತಲುಪಿಸಿದರು. 2018ರಲ್ಲಿ 'ಕ್ಯಾರೀಸ್ ಲಾ' ಎಂಬ ಕಾನೂನಾಯಿತು. 2020ರ ಫೆಬ್ರವರಿ 16ರ ನಂತರ ಅಳವಡಿಸಿದ ವ್ಯವಸ್ಥೆಗಳಲ್ಲಿ ಯಾವ ಸಂಕೇತವೂ ಇಲ್ಲದೆ ನೇರವಾಗಿ 911 ಹೋಗಬೇಕು. ಆದರೆ ಅದಕ್ಕೂ ಹಿಂದಿನ ಹಳೆಯ ವ್ಯವಸ್ಥೆಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲ ಎಂಬುದನ್ನು ಮರೆಯಬಾರದು.

ಇನ್ನೊಂದು ಮಾತು: ಇಂಟರ್‌ನೆಟ್ ಫೋನಿಗೆ ವಿದ್ಯುತ್ತೂ ಬೇಕು, ಇಂಟರ್‌ನೆಟ್ಟೂ ಬೇಕು. ಯಾವುದೇ ಒಂದು ನಿಂತರೂ, ಬದಲಿ ವ್ಯವಸ್ಥೆ ಇಲ್ಲದಿದ್ದರೆ ಅದು ಮೂಕವಾಗುತ್ತದೆ.

ಅಭ್ಯಾಸ

ಅ) ಟ್ರಂಕ್ ಮತ್ತು ಎಕ್ಸ್‌ಟೆನ್ಷನ್‌ಗಳಿಗೆ ಇರುವ ವ್ಯತ್ಯಾಸವನ್ನು ಮನೆಯವರಿಗೆ ಕನ್ನಡದಲ್ಲಿ ವಿವರಿಸಿ.

ಆ) ಪೋಷಕರೇ, ನಿಮ್ಮ ಕಚೇರಿಯಲ್ಲಿ 911 ನೇರವಾಗಿ ಹೋಗುವುದೇ ಎಂದು ಫೋನ್ ವ್ಯವಸ್ಥೆ ನೋಡಿಕೊಳ್ಳುವವರನ್ನು ಕೇಳಿ. ಪರೀಕ್ಷಿಸಲೆಂದು ನೀವೇ 911ಕ್ಕೆ ಕರೆ ಮಾಡಬೇಡಿ.

ಇ) ಮಕ್ಕಳೇ, ಮುಂದಿನ ಪ್ರವಾಸದಲ್ಲಿ ಹೋಟೆಲ್ ಕೋಣೆ ಸೇರಿದೊಡನೆ ಫೋನಿನ ಮೇಲಿನ ಸೂಚನೆ ಓದಿ. ಕೋಣೆಯ ಸಂಖ್ಯೆಯನ್ನೂ ನೆನಪಿಡಿ.