ಗೋಡೆ ಮುಚ್ಚುವ ಮೊದಲು ತಂತಿ ಎಳೆಸಿ

ಕ್ಯಾಲಿಫೋರ್ನಿಯಾದ ಟ್ರೇಸಿ, ಮೌಂಟನ್ ಹೌಸ್, ಡಬ್ಲಿನ್ ಕಡೆಯ ಹೊಸ ಬಡಾವಣೆಗಳಲ್ಲಿ ಮನೆ ಬುಕ್ ಮಾಡಿರುವ ನಮ್ಮ ಕೂಟದ ಕುಟುಂಬಗಳು ಕೀ ಕೈಗೆ ಸಿಕ್ಕ ಮೇಲೆ ಯಾವ ಕ್ಯಾಮೆರಾ ಕೊಳ್ಳಬೇಕೆಂದು ಕೇಳುತ್ತಾರೆ. ಅಷ್ಟು ಹೊತ್ತಿಗೆ ಮುಖ್ಯವಾದ ಕೆಲಸದ ಸಮಯ ಕೈಮೀರಿರುತ್ತದೆ. ಕ್ಯಾಮೆರಾ ಇವತ್ತಲ್ಲ ನಾಳೆ ಕೊಳ್ಳಬಹುದು, ಎರಡು ವರ್ಷ ಬಿಟ್ಟು ಬದಲಾಯಿಸಲೂಬಹುದು. ಗೋಡೆಯೊಳಗೆ ತಂತಿ ಎಳೆಯಲು ಮಾತ್ರ ಒಂದೇ ಹೊತ್ತು: ಮರದ ಚೌಕಟ್ಟು ನಿಂತು, ಡ್ರೈವಾಲ್ ಹಲಗೆ ಇನ್ನೂ ಬೀಳದ ಆ ಕೆಲವು ದಿನಗಳು.

ಬಹಳಷ್ಟು ಬಿಲ್ಡರ್‌ಗಳು ಮನೆ ನಮ್ಮ ಹೆಸರಿಗೆ ಬರುವ ಮುಂಚೆ ಹೊರಗಿನ ಕೆಲಸಗಾರರನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ನೆಲಹಾಸು, ಅಡುಗೆಮನೆ ಕಪಾಟು ಆರಿಸಲು ಡಿಸೈನ್ ಸೆಂಟರಿಗೆ ಕರೆಯುತ್ತಾರಲ್ಲ, ಅವತ್ತೇ ಕ್ಯಾಮೆರಾ ತಂತಿಯ ಮಾತೂ ಮುಗಿಯಬೇಕು. ಪ್ರತಿಯೊಂದು ತಂತಿಗೂ ಬೇರೆ ಬೇರೆ ದರ ಹೇಳುತ್ತಾರೆ, ದುಬಾರಿ ಎನಿಸುತ್ತದೆ. ಆದರೂ ಗ್ರಾನೈಟ್ ಕಲ್ಲಿನ ದರ್ಜೆ ಒಂದು ಮೆಟ್ಟಿಲು ಇಳಿಸಿಯಾದರೂ ಸರಿ, ತಂತಿ ಹಾಕಿಸಿಕೊಳ್ಳಿ ಎಂದೇ ನಾನು ಹೇಳುವುದು. ಡ್ರೈವಾಲ್ ಮುಂಚಿನ ವೀಕ್ಷಣೆಗೆ ಕರೆದಾಗ ಅಳತೆ ಟೇಪು ತೆಗೆದುಕೊಂಡು ಹೋಗಿ. ತಂತಿ ಹೊರಬರುವ ಕಡೆಯೆಲ್ಲ ನೆಲದಿಂದ ಟೇಪು ನಿಲ್ಲಿಸಿ, ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ಮುಂದೆ ಗೋಡೆಗೆ ಮೊಳೆ ಹೊಡೆಯುವಾಗ ಆ ಫೋಟೊಗಳೇ ದಾರಿ ತೋರಿಸುತ್ತವೆ.

ವೈಫೈ ಇರುವಾಗ ತಂತಿ ಯಾಕೆ? ಇಲ್ಲಿನ ಮನೆಗಳ ಹೊರಗೋಡೆಗೆ ಸ್ಟಕ್ಕೊ ಬಳಿಯುತ್ತಾರೆ. ಅದರ ಒಳಗೆ ಲೋಹದ ಜಾಲರಿ ಇರುತ್ತದೆ, ಸಿಗ್ನಲ್ ಅಲ್ಲೇ ಸೊರಗುತ್ತದೆ. 2024ರಲ್ಲಿ ಲಾಸ್ ಏಂಜಲೀಸ್ ಪೊಲೀಸರು, ಕಳ್ಳರು ವೈಫೈ ಅಡ್ಡಗಟ್ಟುವ ಜಾಮರ್ ಬಳಸುತ್ತಿದ್ದಾರೆಂದು ಎಚ್ಚರಿಸಿದ್ದರು. ಬ್ಯಾಟರಿ ಕ್ಯಾಮೆರಾಗಳಲ್ಲಿ ಇನ್ನೊಂದು ತೊಂದರೆ: ಚಲನೆ ಕಂಡ ಮೇಲೆ ಎಚ್ಚರಗೊಳ್ಳುವುದರಿಂದ ಎಷ್ಟೋ ಸಲ ಸಿಗುವುದು ಹೊರಟುಹೋಗುತ್ತಿರುವವನ ಬೆನ್ನು. ಕ್ಯಾಟ್ 6 ತಂತಿಯೊಂದಿದ್ದರೆ ಅದರಲ್ಲೇ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ. ಇದಕ್ಕೆ ಪವರ್ ಓವರ್ ಈಥರ್ನೆಟ್ ಎನ್ನುತ್ತಾರೆ. ಒಂದು ಎಳೆ 100 ಮೀಟರ್ ಮೀರಬಾರದು, ನಮ್ಮ ಮನೆಗಳಲ್ಲಿ ಅಷ್ಟು ಉದ್ದ ಬೇಕಾಗುವುದೂ ಇಲ್ಲ. ತಂತಿಗಳೆಲ್ಲ ಸೇರುವ ಕಡೆ ಒಂದು ಯುಪಿಎಸ್ ಇಟ್ಟರೆ ಕರೆಂಟ್ ಹೋದಾಗಲೂ ಸ್ವಲ್ಪ ಹೊತ್ತು ರೆಕಾರ್ಡಿಂಗ್ ನಡೆಯುತ್ತದೆ.

ತಂತಿಗಳು ಸೇರುವ, ಚಿತ್ರ ಉಳಿಸುವ ರೆಕಾರ್ಡರ್ ಕೂರುವ ಆ ಜಾಗವನ್ನೂ ಯೋಚಿಸಿ ಆರಿಸಿ. ರೆಕಾರ್ಡರ್ ಅನ್ನು ಮಾಸ್ಟರ್ ಬೆಡ್‌ರೂಮಿನ ಕಪಾಟಿನಲ್ಲಿ ಇಡಬೇಡಿ. ಒಡವೆ ಹುಡುಕುವವರು ಮೊದಲು ನುಗ್ಗುವುದೇ ಅಲ್ಲಿಗೆ. ಟ್ರೇಸಿಯ ಬೇಸಿಗೆಯಲ್ಲಿ ಅಟ್ಟವೂ ಗರಾಜೂ ಕಾದ ಕಾವಲಿಯಂತಿರುತ್ತವೆ, ಹಾರ್ಡ್ ಡಿಸ್ಕ್ ತಾಳುವುದಿಲ್ಲ. ಬಟ್ಟೆ ಒಗೆಯುವ ಕೋಣೆಯ ಮೇಲಿನ ಕಪಾಟು, ಮೆಟ್ಟಿಲ ಕೆಳಗಿನ ಗೂಡು ಇಂಥವು ಒಳ್ಳೆಯವು.

ಇನ್ನು ಕ್ಯಾಮೆರಾ ಎಲ್ಲೆಲ್ಲಿ? ಮನೆಯ ನಕ್ಷೆ ಮುಂದಿಟ್ಟುಕೊಂಡು, ಹೊರಗಿನವನೊಬ್ಬ ಒಳಬರಬಹುದಾದ ದಾರಿಗಳನ್ನು ಪೆನ್ಸಿಲಿನಲ್ಲಿ ಎಳೆಯಿರಿ: ಮುಂಬಾಗಿಲು, ಗರಾಜಿನ ಮುಂಭಾಗ, ಪಕ್ಕದ ಗೇಟು, ಹಿತ್ತಿಲ ಗಾಜಿನ ಜಾರುಬಾಗಿಲು. ಸಾಮಾನ್ಯ ಮನೆಗೆ ಈ ನಾಲ್ಕು ಸಾಕು. ಪ್ರತಿ ದಾರಿಯಲ್ಲೂ ಆತನ ಮುಖ ಕ್ಯಾಮೆರಾದ ಹತ್ತಿರಕ್ಕೆ ಬರುವ ಒಂದು ತಾವು ಇರುತ್ತದೆ, ಅದನ್ನು ಗುರುತು ಮಾಡಿ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ನಾಲ್ಕು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ ಸುಮಾರು 2560 ಪಿಕ್ಸೆಲ್. 100 ಡಿಗ್ರಿ ಅಗಲ ನೋಡುವ ಲೆನ್ಸ್ ಹಾಕಿದರೆ 30 ಅಡಿ ದೂರದಲ್ಲಿ ಆ ಪಿಕ್ಸೆಲ್‌ಗಳೆಲ್ಲ 70 ಅಡಿಗೂ ಹೆಚ್ಚು ಅಗಲಕ್ಕೆ ಹರಡಿಹೋಗುತ್ತವೆ, ಅರ್ಧ ಅಡಿ ಅಗಲದ ಮುಖಕ್ಕೆ ಉಳಿಯುವುದು 18 ಪಿಕ್ಸೆಲ್. ಯಾರೋ ಬಂದಿದ್ದರು ಎಂದಷ್ಟೇ ಗೊತ್ತಾಗುತ್ತದೆ. ಅದೇ ಕ್ಯಾಮೆರಾಗೆ ಆ ಮನುಷ್ಯ 10 ಅಡಿ ದೂರದವರೆಗೆ ಬಂದರೆ 50 ಪಿಕ್ಸೆಲ್ ದಾಟುತ್ತದೆ, ಗುರುತು ಹಿಡಿಯಬಹುದು. ಅಥವಾ 50 ಡಿಗ್ರಿ ಮಾತ್ರ ನೋಡುವ ಲೆನ್ಸ್ ಆರಿಸಿದರೆ 30 ಅಡಿಯಲ್ಲೂ 45ರಷ್ಟು ಸಿಗುತ್ತದೆ. ಇಡೀ ಅಂಗಳ ಒಂದೇ ಚಿತ್ರದಲ್ಲಿ ಕಂಡರೆ ಸಮಾಧಾನವಾಗುತ್ತದೆ, ಪೊಲೀಸರಿಗೆ ಮಾತ್ರ ಅದರಿಂದ ಹೆಚ್ಚು ಉಪಯೋಗವಿಲ್ಲ. ಎರಡನೇ ಮಹಡಿಯ ಸೂರಿಗೆ ಹಾಕಿದರೂ ಹಾಗೆಯೇ, ಟೋಪಿಯ ನೆತ್ತಿ ಸಿಗುತ್ತದೆ. ಎಂಟು ಒಂಬತ್ತು ಅಡಿ ಎತ್ತರ ಸಾಕು.

ರಾತ್ರಿಯ ಚಿತ್ರ ನೋಡದೆ ಜಾಗ ಅಂತಿಮ ಮಾಡಬೇಡಿ. ಸೂರಿನ ಬಿಳಿ ಹಲಗೆಗೆ ತೀರಾ ಅಂಟಿಸಿ ಕೂರಿಸಿದರೆ ಕ್ಯಾಮೆರಾದ ಇನ್ಫ್ರಾರೆಡ್ ಬೆಳಕು ಆ ಹಲಗೆಗೇ ಬಡಿದು ವಾಪಸು ಬರುತ್ತದೆ. ಚಿತ್ರದ ಒಂದು ಭಾಗ ಬೆಳ್ಳಗೆ ಉರಿದು, ಉಳಿದದ್ದು ಕತ್ತಲಾಗುತ್ತದೆ. ಆ ಬೆಳಕಿಗೆ ಹುಳುಗಳು ಬರುತ್ತವೆ, ಹುಳುಗಳಿಗಾಗಿ ಜೇಡ ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತದೆ. ಗಾಳಿಗೆ ಬಲೆ ಅಲುಗಿದಾಗಲೆಲ್ಲ ನಿಮ್ಮ ಫೋನು ಮೊಳಗುತ್ತದೆ. ತಿಂಗಳಿಗೊಮ್ಮೆ ಉದ್ದನೆಯ ಬ್ರಷ್ ಹಿಡಿದು ಒರೆಸಬೇಕು. ಪಕ್ಕದಲ್ಲೊಂದು ಸಾದಾ ದೀಪ ಹಾಕಿಸಿದರೆ ರಾತ್ರಿಯಲ್ಲೂ ಬಟ್ಟೆಯ ಬಣ್ಣ ತಿಳಿಯುತ್ತದೆ.

ಡಿಸ್ಕ್ ಎಷ್ಟು ದೊಡ್ಡದು ಬೇಕೆಂಬ ಲೆಕ್ಕ ಸುಲಭ. ಸೆಕೆಂಡಿಗೆ 4 ಮೆಗಾಬಿಟ್ ದರದಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಗಿಗಾಬೈಟ್ ತುಂಬುತ್ತದೆ. ನಾಲ್ಕು ಕ್ಯಾಮೆರಾಗಳಿಗೆ 4 ಟೆರಾಬೈಟ್ ಡಿಸ್ಕ್ ಮೂರು ವಾರ ದಾಟಿ ಬರುತ್ತದೆ. ಊರಿಗೆ ನಾಲ್ಕು ವಾರ ಹೋಗಿಬರುವವರು 8 ಟೆರಾಬೈಟ್ ಹಾಕಿಸಲಿ. ಕ್ಯಾಮೆರಾ, ರೆಕಾರ್ಡರ್ ಎರಡರ ಪಾಸ್‌ವರ್ಡನ್ನೂ ಮೊದಲ ದಿನವೇ ಬದಲಾಯಿಸಿ. 2016ರ ಅಕ್ಟೋಬರ್‌ನಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಇಂಥ ಕ್ಯಾಮೆರಾಗಳನ್ನೂ ರೆಕಾರ್ಡರ್‌ಗಳನ್ನೂ ವಶಮಾಡಿಕೊಂಡು ಅಮೆರಿಕದ ಹಲವು ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ತೆರೆಯದಂತೆ ಮಾಡಿತ್ತು.

ಕಾನೂನಿನ ವಿಷಯದಲ್ಲಿ ಹೊಸಬರು ಎಡವುವುದು ಧ್ವನಿಯ ಮಟ್ಟಿಗೆ. ಗುಟ್ಟಾಗಿರುತ್ತದೆ ಎಂಬ ನಂಬಿಕೆಯಿಂದ ಆಡಿದ ಮಾತನ್ನು ಆಡಿದವರೆಲ್ಲರ ಒಪ್ಪಿಗೆಯಿಲ್ಲದೆ ದಾಖಲಿಸುವುದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ. ಪಕ್ಕದ ಮನೆಯವರು ತಮ್ಮ ಹಿತ್ತಿಲಲ್ಲಿ ಕೂತು ಮಾತಾಡುವುದು ನಿಮ್ಮ ಮೈಕಿಗೆ ಬೀಳುವಂತಿದ್ದರೆ ಮೈಕ್ ಆರಿಸಿಬಿಡಿ. ಅವರ ಕಿಟಕಿ, ಈಜುಕೊಳ ಚಿತ್ರದಲ್ಲಿ ಬಂದರೆ ಆ ಭಾಗಕ್ಕೆ ಕಪ್ಪು ಪಟ್ಟಿ ಹಾಕುವ ಸೌಲಭ್ಯ ಬಹುತೇಕ ಕ್ಯಾಮೆರಾಗಳಲ್ಲಿದೆ. ಕ್ಯಾಮೆರಾ ಹಾಕುವ ಮುಂಚೆ ಒಮ್ಮೆ ಅವರ ಬಾಗಿಲು ತಟ್ಟಿ ಹೇಳಿಬನ್ನಿ, ಹಾಗೆಯೇ ಪರಿಚಯವೂ ಆಗುತ್ತದೆ. ಹೊರಗೋಡೆಗೆ ಏನೇ ಹಾಕಿದರೂ ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಒಪ್ಪಿಗೆ ಬೇಕಾಗಬಹುದು, ನಿಯಮಪತ್ರ ಓದಿ.

ಮನೆಯ ಒಳಗೆ ಕ್ಯಾಮೆರಾ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಊರಿಂದ ಅಪ್ಪ ಅಮ್ಮ ಆರು ತಿಂಗಳಿಗೆಂದು ಬರುತ್ತಾರೆ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಆ ಹಾಲ್, ಆ ಅಡುಗೆಮನೆಯೇ ಅವರ ಪ್ರಪಂಚ. ಅಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿರುತ್ತಾರೆ, ತಂಗಿಗೆ ಫೋನ್ ಮಾಡಿ ಮನಸ್ಸಿನ ದುಃಖ ಹೇಳಿಕೊಳ್ಳುತ್ತಾರೆ. ಅದೆಲ್ಲ ದಾಖಲಾಗುತ್ತಿದೆ ಎಂದು ತಿಳಿದರೆ ಅವರು ಆ ಮನೆಯಲ್ಲಿ ಅತಿಥಿಯಾಗಿಬಿಡುತ್ತಾರೆ. ವಯಸ್ಸಾದವರು ಬಿದ್ದರೆ ಎಂಬ ಭಯವಿದ್ದರೆ ಅವರೊಂದಿಗೇ ಕೂತು ಮಾತಾಡಿ, ಅವರು ಒಪ್ಪಿದ ಜಾಗದಲ್ಲಿ, ಅವರು ಹೇಳಿದ ಹೊತ್ತಿನಲ್ಲಿ ಮಾತ್ರ ಹಾಕಿ. ಎಷ್ಟೋ ಕ್ಯಾಮೆರಾಗಳಲ್ಲಿ ಒಳಗಿನ ಚಿತ್ರ ಕಂಪನಿಯ ಸರ್ವರಿಗೆ ಹೋಗುತ್ತದೆ ಎಂಬುದೂ ನೆನಪಿರಲಿ. ಗ್ರಾಹಕರ ಖಾಸಗಿ ವಿಡಿಯೊಗಳನ್ನು ಉದ್ಯೋಗಿಗಳು, ಗುತ್ತಿಗೆದಾರರು ನೋಡಲು ರಿಂಗ್ ಕಂಪನಿ ಅವಕಾಶ ಕೊಟ್ಟಿತ್ತೆಂದು ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿತು. ಆ ಪ್ರಕರಣ 58 ಲಕ್ಷ ಡಾಲರ್ ಒಪ್ಪಂದದಲ್ಲಿ ಮುಗಿಯಿತು.

ಕ್ಯಾಮೆರಾ ಇದ್ದ ಮಾತ್ರಕ್ಕೆ ಕಳವು ನಿಲ್ಲುವುದಿಲ್ಲ, ಹಾಗಾಗಿ ಕೊನೆಯದಾಗಿ ವಿಮೆಯ ಮಾತು. ಭಾರತೀಯರ ಮನೆಯಲ್ಲಿ ಚಿನ್ನವಿರುತ್ತದೆ ಎಂಬುದು ಇಲ್ಲಿನ ಕಳ್ಳರಿಗೂ ಗೊತ್ತು. ಸಾಮಾನ್ಯ ಗೃಹವಿಮೆ ಒಡವೆ ಕಳವಿಗೆ ಬಹಳ ಸಲ 1500 ಡಾಲರ್ ಆಸುಪಾಸಿನಲ್ಲಿ ಮಿತಿ ಹಾಕಿರುತ್ತದೆ, ಒಂದು ಸರದ ಬೆಲೆಗೂ ಅದು ಸಾಲದು. ಒಡವೆಗಳ ಫೋಟೊ ತೆಗೆದು, ಬೆಲೆ ಕಟ್ಟಿಸಿ, ಪಾಲಿಸಿಯಲ್ಲಿ ಬೇರೆಯಾಗಿ ನಮೂದಿಸಿ. ಬ್ಯಾಂಕ್ ಲಾಕರ್‌ನಲ್ಲಿಟ್ಟರೂ ಈ ನಮೂದು ಬೇಕು, ಲಾಕರಿನೊಳಗಿನ ವಸ್ತುವಿಗೆ ಬ್ಯಾಂಕ್ ಠೇವಣಿಯ ಸರ್ಕಾರಿ ವಿಮೆ ಅನ್ವಯಿಸುವುದಿಲ್ಲ. ಮನೆಯ ವಿಮೆ ಮಾಡಿಸುವ ದಿನವೇ ಏಜೆಂಟರನ್ನು ಈ ಬಗ್ಗೆ ಕೇಳಿ, ಲಿಖಿತವಾಗಿ ಉತ್ತರ ತೆಗೆದುಕೊಳ್ಳಿ.