ಬಿಟ್ಟ ಮೀನು, ಬಂದ ಮೀನು

ಕೆರೆ ಏರಿಯ ಮೇಲೆ ಹೊಸ ಗಾಳ ಹಿಡಿದು ನಿಂತವರು ಮೊದಲು ಕೇಳುವುದು ಒಂದೇ ಮಾತು: ‘ಇಲ್ಲಿ ಮೀನು ಇದೆಯಾ?’ ಇದ್ದೇ ಇರುತ್ತದೆ. ವರ್ಷದಲ್ಲಿ ಆರು ತಿಂಗಳು ನೀರು ನಿಂತರೆ ಸಾಕು, ಎಂಥ ಕೆರೆಗೂ ಏನಾದರೊಂದು ಮೀನು ಸೇರಿಕೊಳ್ಳುತ್ತದೆ. ಕೇಳಬೇಕಾದ್ದು ಇದು: ‘ಇಲ್ಲಿರುವುದು ಬಿಟ್ಟ ಮೀನೋ, ಬಂದ ಮೀನೋ?’ ಇದೊಂದಕ್ಕೆ ಉತ್ತರ ಸಿಕ್ಕಿದರೆ ಯಾವ ಮೀನು ಎಲ್ಲಿ ಓಡಾಡುತ್ತದೆ, ಯಾವ ತಿಂಗಳು ಗಾಳಕ್ಕೆ ಬರುತ್ತದೆ, ಮುಂದಿನ ವರ್ಷವೂ ಇರುತ್ತದೆಯೇ ಎಂಬುದೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ನಾನು ಹೇಳಹೊರಟಿರುವುದು ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ ಕಡೆಯ ಊರ ಕೆರೆಗಳ ಸಂಗತಿ. ಹತ್ತೋ ಇಪ್ಪತ್ತೋ ಎಕರೆ ನೀರು, ಮಣ್ಣಿನ ಏರಿ, ಒಂದು ತೂಬು, ಒಂದು ಕೋಡಿ, ಮೇಲಿನ ಕಾಡಿನಿಂದ ಇಳಿಯುವ ಹಳ್ಳ, ಕೆಳಗೆ ಗದ್ದೆ ಬಯಲು. ದೊಡ್ಡ ಜಲಾಶಯದ ಲೆಕ್ಕವೇ ಬೇರೆ, ಅದನ್ನು ಇಲ್ಲಿಗೆ ತರಬೇಡಿ.

ಮೊದಲು ಬಿಟ್ಟ ಮೀನು ನೋಡೋಣ. ಕಾಟ್ಲಾ, ರೋಹು, ಮೃಗಾಲ ಎಂಬ ಮೂರು ಗೆಂಡೆಗಳ ಹೆಸರನ್ನು ಸಂತೆಗೆ ಹೋಗುವ ಯಾರೂ ಕೇಳಿರುತ್ತಾರೆ. ಇವು ಮೂಲದಲ್ಲಿ ಉತ್ತರ ಭಾರತದ ದೊಡ್ಡ ನದಿಗಳವು. ನಮ್ಮ ಕೆರೆಗಳಲ್ಲಿ ಸೊಗಸಾಗಿ ಬೆಳೆಯುತ್ತವೆ, ಮಳೆಗಾಲ ಬಂದರೆ ಹೊಟ್ಟೆ ತುಂಬ ಮೊಟ್ಟೆಯನ್ನೂ ಹೊರುತ್ತವೆ. ಆದರೆ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಅದಕ್ಕೆ ನೆರೆಯ ಹರಿವು ಬೇಕು. ಹಾಗಾಗಿ ಕೆರೆಯ ಕಾಟ್ಲಾ ಎಷ್ಟೇ ದೊಡ್ಡದಿರಲಿ, ಅದರ ವಂಶ ಅದರೊಂದಿಗೇ ಮುಗಿಯಿತು. ನಿಮ್ಮ ಗಾಳಕ್ಕೆ ಒಂದು ರೋಹು ಬಿತ್ತೆಂದರೆ ಯಾರೋ ಒಬ್ಬರು ದುಡ್ಡು ಕೊಟ್ಟು ಮರಿ ತಂದು ಬಿಟ್ಟಿದ್ದಾರೆ ಎಂದು ಅರ್ಥ.

ಹಿಂದೆ ಈ ಮರಿಗಳನ್ನು ನದಿಯಲ್ಲೇ ಬಲೆ ಹಾಕಿ ಸೋಸಿ ತರಬೇಕಿತ್ತು. ಬೇಡದ ಮೀನಿನ ಮರಿಗಳೂ ಅದರೊಳಗೆ ಕಲಸಿಕೊಂಡು ಬರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಗೆಂಡೆಗಳಿಗೆ ಚುಚ್ಚಿ, ನದಿಯ ಹಂಗಿಲ್ಲದೆ ಮೊಟ್ಟೆ ಇಡುವಂತೆ ಮಾಡಿದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಇವತ್ತು ನಮ್ಮ ಕಡೆಯ ಕೆರೆಗಳಿಗೆ ಭದ್ರಾ ಅಣೆಕಟ್ಟಿನ ಪಕ್ಕದ ಬಿ.ಆರ್. ಪ್ರಾಜೆಕ್ಟ್‌ನಂಥ ಮೀನುಮರಿ ಕೇಂದ್ರಗಳಿಂದ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮರಿ ಬರುವುದು ಆ ಸೂಜಿಯ ಕೃಪೆಯಿಂದ.

ಆದ್ದರಿಂದ ಮೊದಲ ಕೆಲಸ ವಿಚಾರಣೆ. ಮರಿ ಯಾವಾಗ ಬಿಟ್ಟರು, ಎಷ್ಟು ದೊಡ್ಡ ಮರಿ? ಬೆರಳುದ್ದದ ಬಲಿತ ಮರಿ ಬಿಟ್ಟಿದ್ದರೆ ಭರವಸೆ ಇಡಬಹುದು. ಆಗಷ್ಟೇ ಕಣ್ಣುಬಿಟ್ಟಂಥ ಸಣ್ಣ ಮರಿಯನ್ನು ಹಳೆಯ ಕೆರೆಗೆ ಸುರಿದಿದ್ದರೆ ಅದು ಅಲ್ಲಿದ್ದ ಬೇಟೆಮೀನುಗಳಿಗೆ ಎಲೆ ಹಾಕಿ ಊಟ ಬಡಿಸಿದಂತೆ. ಮೇವು ಚೆನ್ನಾಗಿರುವ ಕೆರೆಯಲ್ಲಿ ಉಳಿದುಕೊಂಡ ಕಾಟ್ಲಾ ವರ್ಷಕ್ಕೆ ಸುಮಾರು ಒಂದು ಕೆ.ಜಿ. ತೂಗುತ್ತದೆ. ಇನ್ನೊಂದು ಗುರುತು ಹೇಳುತ್ತೇನೆ: ಹಿಡಿದ ರೋಹುಗಳೆಲ್ಲ ಒಂದೇ ಅಳತೆಯವಾಗಿದ್ದರೆ ಒಂದೇ ಸಲ ಬಿಟ್ಟ ಮರಿಗಳು ಅವು. ಒಂದೇ ಜಾತಿಯಲ್ಲಿ ಬೆರಳುದ್ದ, ಗೇಣುದ್ದ, ಮೊಳದುದ್ದ ಮೂರೂ ಸಿಕ್ಕರೆ ಆ ಜಾತಿ ಅಲ್ಲೇ ಮರಿ ಮಾಡುತ್ತಿದೆ.

ಇನ್ನು ಬಾಯಿಯ ಪಾಠ. ಇದಕ್ಕೆ ಕೆರೆಗೆ ಹೋಗುವುದೂ ಬೇಡ, ಸಂತೆಯಲ್ಲಿ ಮೀನಿನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರೆ ಸಾಕು. ಕಾಟ್ಲಾದ ತಲೆ ದೊಡ್ಡದು, ಕೆಳದವಡೆ ಮುಂದೆ ಚಾಚಿ ಬಾಯಿ ಆಕಾಶ ನೋಡುತ್ತದೆ. ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವ ಬಾಯಿ ಅದು. ರೋಹುವಿನ ತುಟಿ ದಪ್ಪ. ಬೆರಳಿನಿಂದ ಮಡಚಿದರೆ ಅಂಚಿನಲ್ಲಿ ಸೀರೆ ಸೆರಗಿನ ಕುಚ್ಚಿನಂಥ ನೆರಿಗೆ ಕಾಣುತ್ತದೆ. ಅದು ನಡುನೀರಿನ ಮೀನು. ಮೃಗಾಲದ ದೇಹ ಉದ್ದ, ತುಟಿ ತೆಳು, ಬಾಯಿ ಕೆಳಮುಖ. ತಳದ ಕೊಳೆತ ಕಸಕಡ್ಡಿಯೇ ಅದರ ಊಟ. ಬೆಂಡನ್ನು ಕೊಕ್ಕೆಯಿಂದ ಎಷ್ಟು ಎತ್ತರಕ್ಕೆ ಕಟ್ಟಬೇಕು ಎಂದು ಹೊಸಬರು ಕೇಳುತ್ತಿರುತ್ತಾರೆ. ಉತ್ತರ ಬುಟ್ಟಿಯಲ್ಲೇ ಇದೆ. ಬಾಯಿ ಮೇಲಿದ್ದರೆ ಎರೆ ಮೇಲೆ, ಬಾಯಿ ಕೆಳಗಿದ್ದರೆ ಎರೆ ತಳಕ್ಕೆ. ಮೀನು ಮಾರುವವರು ‘ತಗೊಳ್ತೀರೋ ಇಲ್ವೋ’ ಎಂದು ಗದರುವುದಕ್ಕೆ ಮುಂಚೆ ಈ ಮೂರನ್ನು ನೋಡಿ ಎದ್ದುಬಿಡಿ. ಒಂದು ಕೊಂಡರೆ ಇನ್ನೂ ಒಳ್ಳೆಯದು.

ಬಿಟ್ಟ ಮೀನುಗಳಲ್ಲಿ ಸಾಮಾನ್ಯ ಗೆಂಡೆ ಸ್ವಲ್ಪ ಬೇರೆ. ಇದು ಹೊರದೇಶದಿಂದ ಬಂದದ್ದು, ಬಾಯಿಯ ಎರಡೂ ಬದಿ ಜೋಡಿ ಮೀಸೆ. ನಿಂತ ನೀರಿನಲ್ಲೇ ಜಲಸಸ್ಯಗಳಿಗೆ ಮೊಟ್ಟೆ ಅಂಟಿಸಿ ಮರಿ ಮಾಡಿಕೊಳ್ಳುತ್ತದೆ. ಹಂದಿ ಗೆಡ್ಡೆ ಅಗೆದಂತೆ ತಳವನ್ನು ಕೆದಕುವುದರಿಂದ, ಮಳೆಯಿಲ್ಲದ ಜನವರಿಯಲ್ಲೂ ಕೆರೆ ಕೆಂಪಗೆ ಕದಡಿಕೊಂಡಿದ್ದರೆ ಇದರ ಮೇಲೊಂದು ಅನುಮಾನ ಇಡಿ.

ಈಗ ಬಂದ ಮೀನು. ನನಗೆ ಹೆಚ್ಚು ಇಷ್ಟದ್ದು ಈ ಪಾಲು. ಮೃಗಶಿರ, ಆರಿದ್ರಾ ಮಳೆಗೆ ಹಳ್ಳ ತುಂಬಿ ಗದ್ದೆಯ ಮೇಲೆಲ್ಲ ಹೊಸನೀರು ಹರಿದಾಗ ಮೀನುಗಳು ಹರಿವಿಗೆ ಎದುರಾಗಿ ಮೇಲೇರುತ್ತವೆ. ಮಲೆನಾಡಿನವರು ಇದನ್ನು ಹತ್ತುಮೀನು ಎನ್ನುತ್ತಾರೆ. ಸಂಖ್ಯೆಯ ಹತ್ತಲ್ಲ, ಏರಿ ಹತ್ತುವ ಹತ್ತು. ಕೋಡಿಯ ನೀರು ಹಳ್ಳಕ್ಕೆ, ಹಳ್ಳ ಕೆಳಗಿನ ಕೆರೆಗೆ, ಅದರ ಕೋಡಿ ಹೊಳೆಗೆ. ಒಂದು ವಾರದ ಮಟ್ಟಿಗೆ ಇವೆಲ್ಲ ಒಂದೇ ದಾರಿ. ಬೇಸಿಗೆಯಲ್ಲಿ ಬಿರುಕು ಬಿಟ್ಟಿದ್ದ ಕೆರೆಯಲ್ಲಿ ಆಗಸ್ಟ್‌ಗೆ ಮೀನು ಹೇಗೆ ಬಂತು ಎಂದು ಮಕ್ಕಳು ಕೇಳಿದರೆ ಆಕಾಶದಿಂದ ಬಿತ್ತು ಎನ್ನಬೇಡಿ. ಈ ದಾರಿಯನ್ನು ತೋರಿಸಿ. ಕೋಡಿಯ ಕೆಳಗೆ ಆಳೆತ್ತರದ ಸಿಮೆಂಟ್ ಗೋಡೆ ಎದ್ದ ಕೆರೆಗಳಲ್ಲಿ ಬಂದ ಮೀನು ಕಡಿಮೆಯಾಗಲು ಕಾರಣವೂ ಆಗ ಅವರಿಗೇ ಹೊಳೆಯುತ್ತದೆ.

ಹೀಗೆ ಬಂದವುಗಳಲ್ಲಿ ಅಂಗೈಗಿಂತ ಚಿಕ್ಕ ಪಕ್ಕೆ ಮೀನುಗಳಿವೆ, ಮುಳ್ಳು ಚುಚ್ಚಿದರೆ ತಾಸುಗಟ್ಟಲೆ ಉರಿಯುವ ಚೇಳುಮೀನಿದೆ, ಎಲ್ಲಕ್ಕಿಂತ ಮೇಲೆ ಕೊರವ ಇದೆ. ಇಲಾಖೆಯವರ ಬಾಯಲ್ಲಿ ಅದು ಮುರ್ರೆಲ್. ಹಾವಿನಂಥ ತಲೆ, ಬಾಯಿ ತುಂಬ ಹಲ್ಲು. ಚೇಳುಮೀನು, ಕೊರವ ಎರಡೂ ನೀರಿನ ಮೇಲೆ ಬಂದು ನೇರವಾಗಿ ಗಾಳಿಯನ್ನೇ ಗುಟುಕರಿಸಬಲ್ಲವು. ಅದಕ್ಕೇ ಬೇರೆ ಮೀನು ಸಾಯುವ ಕೆಸರಲ್ಲೂ ಇವು ಬದುಕುತ್ತವೆ, ಕೆರೆ ಬತ್ತಿದಾಗ ಹಸಿ ಹೂಳಿನೊಳಗೆ ಹುದುಗಿ ಮಳೆಗೆ ಕಾಯುತ್ತವೆ.

ಬಿಟ್ಟವರು ಯಾರೆಂದು ಗೊತ್ತಿಲ್ಲದೆಯೂ ಎಲ್ಲೆಡೆ ತುಂಬಿರುವ ಇನ್ನೊಂದು ಮೀನು ಜಿಲೇಬಿ. ತಿಲಾಪಿಯ ಎಂದು ಪುಸ್ತಕದ ಹೆಸರು. ಆಫ್ರಿಕಾ ಮೂಲದ ಇದು ಭಾರತಕ್ಕೆ ಬಂದದ್ದು 1952ರಲ್ಲಿ. ಗಂಡು ದಡದ ಕೆಸರಿನಲ್ಲಿ ತಟ್ಟೆಯಗಲದ ಗುಣಿ ತೋಡುತ್ತದೆ, ಹೆಣ್ಣು ಅಲ್ಲಿ ಮೊಟ್ಟೆ ಇಟ್ಟು, ಅವನ್ನು ಬಾಯಿಯೊಳಗೇ ಇಟ್ಟುಕೊಂಡು ಮರಿ ಮಾಡುತ್ತದೆ. ಹೀಗೆ ಕಾಯುವುದರಿಂದ ಮರಿಗಳು ಬಹಳ ಉಳಿಯುತ್ತವೆ. ಉಳಿದಷ್ಟೂ ಮೇವು ಸಾಲದು, ಸಾಲದಷ್ಟೂ ಮೀನು ಗಿಡ್ಡ. ಗಿಡ್ಡವಾದರೂ ಮೊಟ್ಟೆ ನಿಲ್ಲಿಸುವುದಿಲ್ಲ. ಬೇಸಿಗೆಯಲ್ಲಿ ನೀರು ಸರಿದ ಅಂಚಿನಲ್ಲಿ ನಡೆದು ನೋಡಿ. ಒಣಗಿದ ಕೆಸರಿನ ಮೇಲೆ ಸಾಲುಸಾಲು ತಟ್ಟೆ ಜೋಡಿಸಿಟ್ಟಂತೆ ಗುಣಿಗಳು ಕಂಡರೆ, ಆ ಕೆರೆಯಲ್ಲಿ ಮಕ್ಕಳಿಗೆ ಗಾಳ ಕಲಿಸಬಹುದು, ದೊಡ್ಡ ಮೀನಿನ ಆಸೆ ಬಿಡಬೇಕು. ಇದು ನನ್ನ ತೀರ್ಪು. ಒಪ್ಪದವರೂ ಇದ್ದಾರೆ, ಅವರಿಗೆ ಹುರಿದ ಜಿಲೇಬಿ ಇಷ್ಟ.

ಎಷ್ಟು ಮೀನಿದೆ ಎಂದು ಎಣಿಸುವುದು ಹೇಗೆ? ಸೊರಬ, ಸಾಗರದ ಕಡೆ ಇದಕ್ಕೊಂದು ಹಳೆಯ ಉತ್ತರವಿದೆ, ಕೆರೆಬೇಟೆ. ಬೇಸಿಗೆಯ ಕೊನೆಗೆ ನೀರು ಮೊಣಕಾಲಿಗೋ ಸೊಂಟಕ್ಕೋ ಇಳಿದಾಗ ಗೊತ್ತಾದ ದಿನ ಸುತ್ತಲ ಊರಿನವರು ಕೂಣಿ ಹೊತ್ತು ಬರುತ್ತಾರೆ. ಕೂಣಿ ಎಂದರೆ ಬಿದಿರು ಕಡ್ಡಿಯ, ಎರಡೂ ಕಡೆ ತೆರೆದ ಬುಟ್ಟಿ. ಕೆಳಗೆ ಅಗಲ, ಮೇಲೆ ಕಿರಿದು. ಒಮ್ಮೆಲೆ ನೂರಾರು ಜನ ಇಳಿದು, ನೀರೊಳಗೆ ಕೂಣಿ ಊರಿ, ಮೇಲಿನ ಬಾಯಿಂದ ಕೈ ಹಾಕಿ ತಡಕುತ್ತಾರೆ. ಒಳಗೆ ಏನೋ ಬಡಿದರೆ ಕೈಗೆ ಗೊತ್ತಾಗುತ್ತದೆ. ಗೆಂಡೆಯೋ ಚೇಳುಮೀನೋ ಎಂಬುದು ಮರುಕ್ಷಣ ಗೊತ್ತಾಗುತ್ತದೆ. ಆ ದಿನ ಏರಿಯ ಮೇಲೆ ನಿಂತು ಯಾರ ಚೀಲದಲ್ಲಿ ಯಾವ ಮೀನು ಎಂದು ಬರೆದುಕೊಂಡರೆ ಅದಕ್ಕಿಂತ ಒಳ್ಳೆಯ ಜನಗಣತಿ ಇಲ್ಲ.

ನೀರು ತುಂಬಿರುವಾಗ ಎಣಿಸಲು ಬೇರೆ ಉಪಾಯ ಬೇಕು. ಡೆನ್ಮಾರ್ಕಿನ ಪೀಟರ್ಸನ್ ಎಂಬ ವಿಜ್ಞಾನಿಯ ಹೆಸರಿನಲ್ಲಿರುವ ಲೆಕ್ಕ ತುಂಬ ಸರಳ. 50 ಮೀನು ಹಿಡಿದು, ಈಜುರೆಕ್ಕೆಯ ತುದಿಯನ್ನು ಒಂದಿಷ್ಟೇ ಕತ್ತರಿಸಿ ಗುರುತು ಮಾಡಿ ಬಿಡಿ. ವಾರದ ಮೇಲೆ ಮತ್ತೆ 40 ಮೀನು ಹಿಡಿದಾಗ ಅದರಲ್ಲಿ 5ಕ್ಕೆ ಗುರುತು ಇತ್ತು ಎನ್ನಿ. ಎಂಟರಲ್ಲೊಂದು ಗುರುತಿನದು. ಹಾಗಾದರೆ ನೀವು ಬಿಟ್ಟ 50 ಕೂಡ ಒಟ್ಟಿನ ಎಂಟನೇ ಒಂದು ಭಾಗ. ಕೆರೆಯಲ್ಲಿ ಸುಮಾರು 400 ಇವೆ. ನಡುವೆ ಕೋಡಿ ಬಿದ್ದು ಮೀನು ಹೊರಗೆ ಹೋದರೆ, ಒಳಗೆ ಬಂದರೆ, ಲೆಕ್ಕ ಕೆಟ್ಟಿತು. ಹೊಸಬರಿಗೆ ಇಷ್ಟೂ ಬೇಡ. ಒಂದು ನೋಟ್‌ಬುಕ್ ಇಡಿ. ಮೂವರು ನಾಲ್ಕು ಗಂಟೆ ಕೂತರೆ ಅದು 12 ಗಂಟೆ. ಆರು ಮೀನು ಬಿದ್ದರೆ ಗಂಟೆಗೆ ಅರ್ಧ ಮೀನು. ಏನೂ ಬೀಳದ ದಿನವನ್ನೂ ತಪ್ಪದೆ ಬರೆಯಿರಿ. ಗಾಳದವರು ಮರೆಯುವುದು ಅದೊಂದನ್ನೇ.

ನೀರನ್ನು ನೋಡಲು ನಿಮ್ಮ ಕೈಯೇ ಸಾಕು. ಅಂಗೈ ಬಿಡಿಸಿ ನೀರಿಗೆ ಇಳಿಸುತ್ತ ಹೋಗಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾಗಿ, ನೀರು ತಿಳಿಹಸಿರಾಗಿದ್ದರೆ ಗೆಂಡೆಗಳಿಗೆ ಮೇವಿದೆ. ತೋಳು ಮುಳುಗಿದರೂ ಬೆರಳಿನ ಉಗುರು ಕಾಣುತ್ತಿದ್ದರೆ, ದಡದಲ್ಲಿ ಜೊಂಡು ತುಂಬಿದ್ದರೆ, ಅದು ಪಕ್ಕೆಗಳ, ಕೊರವದ ಕೆರೆ. ಮಣಿಕಟ್ಟು ಮುಳುಗುವುದರೊಳಗೇ ಅಂಗೈ ಮಾಯವಾಗಿ ಹಸಿರು ಪಾಚಿಯ ವಾಸನೆ ಬಂದರೆ ಎಚ್ಚರ. ಹಗಲಿನಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ; ರಾತ್ರಿ ಅದೂ ಉಸಿರಾಡುತ್ತದೆ, ಮೀನೂ ಉಸಿರಾಡುತ್ತದೆ. ಮೀನಿಗೆ ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಸುಖ. ನಸುಕಿನ ಹೊತ್ತಿಗೆ ಅದು ಎಲ್ಲಕ್ಕಿಂತ ಕೆಳಗಿಳಿದಿರುತ್ತದೆ, ಆಗ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಹೊಸಬರು ‘ಅಬ್ಬಾ, ಎಷ್ಟು ಮೀನು’ ಎಂದು ಗಾಳ ಎಸೆಯುತ್ತಾರೆ. ಉಸಿರು ಕಟ್ಟಿದವನ ಮುಂದೆ ಊಟದ ತಟ್ಟೆ ಇಟ್ಟಂತೆ, ಒಂದೂ ಮುಟ್ಟುವುದಿಲ್ಲ. ಕೊಳಚೆ ಸೇರುವ ಕೆರೆಯಲ್ಲಿ ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ತೇಲಿದ ಸಾವಿರಾರು ಸತ್ತ ಮೀನುಗಳು ತೋರಿಸಿದವು.

ಕಾಲದ ವಿಷಯ. ಕೆರೆ ತುಂಬಿದ ಹೊಸತರಲ್ಲಿ ಮೀನು ಹರಡಿಹೋಗುತ್ತದೆ, ಮೇವೂ ಬೇಕಾದಷ್ಟಿರುತ್ತದೆ. ಗಾಳ ಸುಮ್ಮನೆ ನೆನೆಯುತ್ತದೆ. ಶಿವರಾತ್ರಿ ಕಳೆದು ನೀರು ತೂಬಿನ ಕಡೆಗೆ ಸರಿದ ಮೇಲೆ ಅದೇ ಮೀನು ಕಾಲುಭಾಗ ಜಾಗದಲ್ಲಿ ಕೂಡಿಕೊಳ್ಳುತ್ತದೆ. ಬಿಸಿಲೇರುವ ಮುಂಚೆ ಎರಡು ತಾಸು, ಸಂಜೆ ಎರಡು ತಾಸು. ಗೆಂಡೆಗಳಿಗೆ ಏರಿಯ ಪಕ್ಕದ ಆಳದಲ್ಲಿ ಹಿಟ್ಟಿನ ಉಂಡೆ ಅಥವಾ ಎರೆಹುಳು. ಕೊರವಕ್ಕೆ ಜೊಂಡಿನ ಅಂಚಿನಲ್ಲಿ ಸಣ್ಣ ಮೀನು. ಕೋಲು, ರೀಲು, ಬ್ರ್ಯಾಂಡು ಎಂದು ಅಂಗಡಿಯಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಬಿದಿರು ಕೋಲು, ನೈಲಾನ್ ದಾರ, ನವಿಲುಗರಿಯ ದಂಟಿನ ಬೆಂಡು ಮೊದಲ ವರ್ಷಕ್ಕೆ ಧಾರಾಳ.

ಕೂರುವ ಮುಂಚೆ ಕೆರೆಯ ಮೀನಿನ ಹಕ್ಕು ಯಾರದು ಎಂದು ವಿಚಾರಿಸಿ. ಪಂಚಾಯಿತಿಯೋ ಮೀನುಗಾರಿಕೆ ಇಲಾಖೆಯೋ ಗುತ್ತಿಗೆ ಕೊಟ್ಟಿದ್ದರೆ ಬಿಟ್ಟ ಮೀನು ಗುತ್ತಿಗೆದಾರರ ಬಂಡವಾಳ. ಕೇಳದೆ ಹಿಡಿದರೆ ಕಳವು. ಕೇಳಿದರೆ ಬಹುಪಾಲು ಜನ ಒಂದೆರಡು ಗಂಟೆ ಗಾಳಕ್ಕೆ ಬೇಡ ಎನ್ನುವುದಿಲ್ಲ. ತೋಟೆ ಸಿಡಿಸುವುದು, ವಿಷ ಕದಡುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಅಪರಾಧ.

ಕೊನೆಗೊಂದು ಕೋರಿಕೆ. ಮಳೆಗಾಲದಲ್ಲಿ ದಡದ ಜೊಂಡಿನ ನಡುವೆ, ಕೊಡದ ಬಾಯಿಯಷ್ಟು ಜಾಗದಲ್ಲಿ, ಕುಂಕುಮ ಕದಡಿದಂತೆ ನೀರು ಮಿಸುಕಾಡುವುದನ್ನು ಕಾಣುತ್ತೀರಿ. ಅದು ಕೊರವದ ಮರಿಗಳ ಹಿಂಡು. ಅದರ ಕೆಳಗೇ ತಾಯಿ ತಂದೆ ಕಾವಲು ನಿಂತಿರುತ್ತವೆ, ಹತ್ತಿರ ಬಂದ ಏನನ್ನಾದರೂ ಸಿಟ್ಟಿನಿಂದ ಕಚ್ಚುತ್ತವೆ. ಆಗ ಅವನ್ನು ಗಾಳಕ್ಕೆ ಎಳೆಯುವಷ್ಟು ಸುಲಭ ಇನ್ನೊಂದಿಲ್ಲ. ಕಾವಲು ಹೋದ ಮರಿಗಳನ್ನು ಸಂಜೆಯೊಳಗೆ ಬೇರೆ ಮೀನುಗಳು ಮುಗಿಸುತ್ತವೆ. ದಯವಿಟ್ಟು ಅಲ್ಲಿ ಗಾಳ ಹಾಕಬೇಡಿ, ಹತ್ತು ಮಾರು ಆಚೆ ಹೋಗಿ ಕೂರಿ.